ಗೊತ್ತಿದ್ದೂ ಯಾಕೆ ರೇಗುತ್ತೇವೆ?

ಈ ತಿಂಗಳು ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಯಾವುದು ಸರಿ, ಯಾವುದು ತಪ್ಪು ಅಂತ ಯಾರೂ ಕೇಳಿಲ್ಲ. ಅದು ನಮಗೆಲ್ಲ ಹೆಚ್ಚುಕಡಿಮೆ ಗೊತ್ತು. ಗೊತ್ತಿದ್ದೂ ಕೈಲಾಗುವುದಿಲ್ಲವಲ್ಲ, ಒಳಗೆ ಎಲ್ಲಿ ಜಾರುತ್ತೇವೆ ಅನ್ನುವುದೇ ಎಲ್ಲರ ತಕರಾರು. ಹಾಗಾಗಿ ಅತ್ತೆ–ಸೊಸೆ, ಸೈಟಿನ ವ್ಯಾಜ್ಯದ ಪತ್ರಗಳನ್ನು ಮುಂದಿನ ಸಲಕ್ಕೆ ಎತ್ತಿಟ್ಟು ಇವನ್ನೇ ಹಿಡಿದಿದ್ದೇನೆ.

ಪ್ರಶ್ನೆ: ನನ್ನ ತಾಯಿಗೆ 78 ವರ್ಷ. ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ದಿನಾ ಬೆಳಿಗ್ಗೆ ಆಫೀಸಿಗೆ ಹೊರಡುವ ಹೊತ್ತಿಗೆ ಅವರ ಮೇಲೆ ರೇಗಿಬಿಡುತ್ತೇನೆ. ಬಸ್ಸಿನಲ್ಲಿ ಕೂತ ಮೇಲೆ ಹೊಟ್ಟೆಯಲ್ಲಿ ಸಂಕಟ. ನಾಳೆ ಹೀಗೆ ಮಾಡಬಾರದು ಅಂದುಕೊಳ್ಳುತ್ತೇನೆ. ನಾಳೆಯೂ ಅದೇ ಕಥೆ. ನಾನು ಕೆಟ್ಟವನಾ?
– ಓದುಗರು, ದಾವಣಗೆರೆ

ಕೆಟ್ಟವರಿಗೆ ಬಸ್ಸಿನಲ್ಲಿ ಸಂಕಟ ಆಗುವುದಿಲ್ಲ. ನಿಮ್ಮನ್ನು ಸಮಾಧಾನ ಮಾಡೋಣ ಅಂತ ಸುಮ್ನೆ ಹೇಳುತ್ತಿಲ್ಲ, ಅರಿಸ್ಟಾಟಲ್ ಹೀಗೇ ವಿಂಗಡಿಸಿದ್ದಾನೆ. ತಪ್ಪನ್ನೇ ಸರಿ ಅಂದುಕೊಂಡು ಮಾಡುವವನು ಒಬ್ಬ. ತಪ್ಪು ಅಂತ ಗೊತ್ತಿದ್ದೂ ತಡೆಯಲಾರದೆ ಮಾಡಿ ಆಮೇಲೆ ಪೇಚಾಡುವವನು ಇನ್ನೊಬ್ಬ. ಮೊದಲನೆಯವನಿಗೆ ಪಶ್ಚಾತ್ತಾಪವೇ ಇಲ್ಲ, ಹಾಗಾಗಿ ಅವನಿಗೆ ಮದ್ದೂ ಇಲ್ಲ. ನೀವು ಎರಡನೆಯವರು.

ಈ ಎರಡನೆಯವನು ಇರಲು ಸಾಧ್ಯವಾ ಅನ್ನುವುದೇ ಹಳೆಯ ಗ್ರೀಸಿನಲ್ಲಿ ದೊಡ್ಡ ವಾದ. ಸಾಧ್ಯವೇ ಇಲ್ಲ ಅಂದವನು ಸಾಕ್ರಟೀಸ್. ಯಾರೂ ಬೇಕು ಅಂತ ಕೆಟ್ಟದ್ದನ್ನು ಆರಿಸಿಕೊಳ್ಳುವುದಿಲ್ಲ, ಹತ್ತಿರದ ಗುಡ್ಡ ದೊಡ್ಡದಾಗಿ ಕಂಡು ದೂರದ ಬೆಟ್ಟ ಚಿಕ್ಕದಾಗಿ ಕಾಣುವ ಹಾಗೆ ಈಗಿನ ಸುಖ ದೊಡ್ಡದಾಗಿ, ಆಮೇಲಿನ ನೋವು ಚಿಕ್ಕದಾಗಿ ಕಂಡು ಅಳತೆ ತಪ್ಪುತ್ತದೆ ಅಷ್ಟೆ ಅನ್ನುವುದು ಅವನ ಮಾತಿನ ಸಾರ (ಗುಡ್ಡ–ಬೆಟ್ಟ ಮಾತ್ರ ನನ್ನದು). ಅಂದರೆ ಅಳೆಯುವುದು ಕಲಿತರೆ ಸಾಕು. ನನಗೆ ಇದು ಅಷ್ಟಾಗಿ ಒಪ್ಪಿಗೆಯಾಗಿಲ್ಲ. ನಿಮಗೆ ಅಳತೆ ಗೊತ್ತೇ ಇದೆಯಲ್ಲ. ರೇಗಿದರೆ ಬಸ್ಸಿನಲ್ಲಿ ಏನಾಗುತ್ತದೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅರಿಸ್ಟಾಟಲ್ ಇಲ್ಲಿ ಜಾಸ್ತಿ ಕೆಲಸಕ್ಕೆ ಬರುತ್ತಾನೆ. ಗೊತ್ತಿರುವುದರಲ್ಲೂ ಎರಡು ಥರ ಇದೆ ಅನ್ನುತ್ತಾನೆ. ಕುಡಿದವನೂ ಪದ್ಯ ಒಪ್ಪಿಸಬಲ್ಲ, ಪದ ಬಾಯಲ್ಲಿರುತ್ತದೆ, ಅರ್ಥ ಕೆಲಸ ಮಾಡುತ್ತಿರುವುದಿಲ್ಲ. ಸಿಟ್ಟಿನ ಹೊತ್ತಿನಲ್ಲಿ 'ಅಮ್ಮನ ಮೇಲೆ ರೇಗಬಾರದು' ಅನ್ನುವ ತಿಳಿವಳಿಕೆ ನಿಮ್ಮ ಹತ್ತಿರ ಅದೇ ರೀತಿ ಇರುತ್ತದೆ. ಸಿಟ್ಟಿಗೆ ಅವನು ಕೊಡುವ ಹೋಲಿಕೆಯಂತೂ ಇನ್ನೂ ಚೆನ್ನಾಗಿದೆ. ಸಿಟ್ಟು ಆತುರದ ಆಳಿನ ಹಾಗೆ, ಯಜಮಾನ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳದೆ ಓಡಿಹೋಗಿ ಕೆಲಸ ಕೆಡಿಸುತ್ತಾನೆ. ಬಾಗಿಲು ತಟ್ಟಿದ ಸದ್ದಿಗೇ ಬೊಗಳುವ ನಾಯಿಯ ಹಾಗೆ, ಬಂದವರು ಮನೆಯವರಾ ಹೊರಗಿನವರಾ ಅಂತ ನೋಡುವುದಿಲ್ಲ.

ಇದನ್ನೇ ಅರ್ಜುನ ಗೀತೆಯ ಮೂರನೇ ಅಧ್ಯಾಯದಲ್ಲಿ ನೇರವಾಗಿ ಕೇಳುತ್ತಾನೆ: ಇಷ್ಟವಿಲ್ಲದಿದ್ದರೂ, ಯಾರೋ ಬಲವಂತವಾಗಿ ತಳ್ಳಿದ ಹಾಗೆ, ಮನುಷ್ಯ ಯಾಕೆ ಪಾಪ ಮಾಡುತ್ತಾನೆ? ಕಾಮ, ಕ್ರೋಧ, ರಜೋಗುಣದಿಂದ ಹುಟ್ಟಿದ್ದು, ಅದೇ ಶತ್ರು ಅನ್ನುವುದು ಕೃಷ್ಣನ ಉತ್ತರ. ಅದಕ್ಕೆ ಮೊದಲೇ ಎರಡನೇ ಅಧ್ಯಾಯದಲ್ಲಿ ಸರಪಳಿಯನ್ನೇ ಬಿಡಿಸಿದ್ದಾನೆ. ಒಂದನ್ನೇ ಯೋಚಿಸುತ್ತಾ ಕೂತರೆ ಅಂಟು, ಅಂಟಿನಿಂದ ಆಸೆ, ಆಸೆಗೆ ಅಡ್ಡ ಬಂದರೆ ಸಿಟ್ಟು, ಸಿಟ್ಟಿನಿಂದ ಮಂಕು, ಮಂಕಿನಿಂದ ನೆನಪು ತಪ್ಪುವುದು. ನನಗೆ ಇಷ್ಟವಾಗುವುದು ಈ ನೆನಪಿನ ಮಾತು. ಎದುರಿಗಿರುವುದು ಯಾರು ಅನ್ನುವುದೇ ಆ ಒಂದು ನಿಮಿಷ ಮರೆತುಹೋಗುತ್ತದೆ, ಅಲ್ವಾ?

ಒಂದು ಕಿವಿಮಾತು. 'ಧರ್ಮ ಗೊತ್ತು, ಮಾಡಲು ಮನಸ್ಸಿಲ್ಲ. ಅಧರ್ಮ ಗೊತ್ತು, ಬಿಡಲು ಆಗುತ್ತಿಲ್ಲ' ಅನ್ನುವ ದುರ್ಯೋಧನನ ಮಾತನ್ನು ನೀವೂ ಕೇಳಿರುತ್ತೀರಿ. ಎಲ್ಲರೂ ಅದನ್ನು ಮಹಾಭಾರತದ್ದು ಅನ್ನುತ್ತಾರೆ, ಆದರೆ ಅದು ಬರುವುದು ಪಾಂಡವಗೀತೆ ಅನ್ನುವ ಸ್ತೋತ್ರದಲ್ಲಿ. ಅವನ ಅನುಭವವೂ ಅರ್ಜುನನದೂ ಒಂದೇ. ಅರ್ಜುನ ಅದನ್ನು ಪ್ರಶ್ನೆ ಮಾಡಿಕೊಂಡ. ದುರ್ಯೋಧನ ಮಾತ್ರ 'ಎದೆಯೊಳಗೆ ಕೂತ ಯಾವುದೋ ದೇವರು ಹೇಗೆ ಆಡಿಸಿದರೆ ಹಾಗೆ ಆಡುತ್ತೇನೆ' ಅಂತ ಕೈ ತೊಳೆದುಕೊಂಡ. 'ನನ್ನ ಸ್ವಭಾವವೇ ಹೀಗೆ' ಅಂತ ಮನೆಯಲ್ಲಿ ಹೇಳುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಬೈಬಲ್ಲಿನಲ್ಲಿ ಸಂತ ಪೌಲನೂ ರೋಮಿನವರಿಗೆ ಬರೆದ ಪತ್ರದ ಏಳನೇ ಅಧ್ಯಾಯದಲ್ಲಿ ಇದನ್ನೇ ಹೇಳಿಕೊಂಡು ಗೋಳಾಡುತ್ತಾನೆ: ಬಯಸುವ ಒಳ್ಳೆಯದನ್ನು ಮಾಡುವುದಿಲ್ಲ, ಬಯಸದ ಕೆಟ್ಟದ್ದನ್ನೇ ಮಾಡುತ್ತೇನೆ. ಅವನಿಗೆ ಇದು ಅಭ್ಯಾಸದಿಂದ ಸರಿಹೋಗುವ ಸಣ್ಣ ದೋಷವಲ್ಲ, ಕೃಪೆ ಬೇಕು. ಕುರ್‌ಆನ್ ಮನಸ್ಸಿಗೆ ಮೂರು ಹೆಸರು ಕೊಡುತ್ತದೆ. ಕೆಟ್ಟದ್ದಕ್ಕೆ ಹುರಿದುಂಬಿಸುವ ನಫ್ಸ್, ತನ್ನನ್ನು ತಾನೇ ಬೈದುಕೊಳ್ಳುವ ನಫ್ಸ್, ನೆಮ್ಮದಿಗೆ ಬಂದ ನಫ್ಸ್. 75ನೇ ಅಧ್ಯಾಯದ ಶುರುವಿನಲ್ಲೇ ಈ ಬೈದುಕೊಳ್ಳುವ ನಫ್ಸ್ ಮೇಲೆ ಆಣೆಯಿಡಲಾಗಿದೆ, ಅಷ್ಟು ಗೌರವ ಅದಕ್ಕೆ. ನಿಮ್ಮ ಬಸ್ಸಿನ ಸೀಟಿನಲ್ಲಿ ಕೂರುವುದು ಅದೇ.

ಇನ್ನು ಕೆಲಸದ ಮಾತು. ನೀವು ರೇಗುವುದು ಯಾವಾಗ? 'ಆಫೀಸಿಗೆ ಹೊರಡುವ ಹೊತ್ತಿಗೆ' ಅಂತ ನೀವೇ ಬರೆದಿದ್ದೀರಿ. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಅನ್ನುವ ಇಬ್ಬರು ಮನೋವಿಜ್ಞಾನಿಗಳ ಒಂದು ಪ್ರಯೋಗ ಪ್ರಕಟವಾಯಿತು. ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ 40 ಹುಡುಗರನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ನರಳುತ್ತಾ ಕುಸಿದು ಕೂತಿದ್ದ. ತಮಾಷೆ ಏನೆಂದರೆ ಅವರಲ್ಲಿ ಅರ್ಧ ಜನ ಮಾಡಬೇಕಿದ್ದ ಭಾಷಣ, ಬೈಬಲ್ಲಿನಲ್ಲಿ ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಒಳ್ಳೆಯ ಸಮಾರ್ಯದವನ ಕಥೆಯ ಮೇಲೆ! ಸಮಯ ಬೇಕಾದಷ್ಟಿದ್ದವರಲ್ಲಿ ನೂರಕ್ಕೆ 63 ಮಂದಿ ನಿಂತು ಸಹಾಯ ಮಾಡಿದರು. 'ಆಗಲೇ ತಡವಾಗಿದೆ, ಓಡು' ಅನ್ನಿಸಿಕೊಂಡವರಲ್ಲಿ ನೂರಕ್ಕೆ 10. ಭಾಷಣದ ವಿಷಯ ಯಾವುದು ಅನ್ನುವುದು ಅಷ್ಟೇನೂ ವ್ಯತ್ಯಾಸ ಮಾಡಲಿಲ್ಲ, ಆತುರ ಮಾಡಿತು.

ಹಾಗಾಗಿ ನಾನು ನಿಮಗೆ ಗೀತಾ ಪಾರಾಯಣ ಮಾಡಿ ಅನ್ನುವುದಿಲ್ಲ, ಮಾಡಿದರೆ ಬೇಡ ಅನ್ನುವುದೂ ಇಲ್ಲ. ಇಪ್ಪತ್ತು ನಿಮಿಷ ಮೊದಲು ಎದ್ದು ಅಮ್ಮನ ಜೊತೆ ಕಾಫಿ ಕುಡಿಯಿರಿ. ಅವರು ಕೇಳುವ ಆ ನಾಲ್ಕು ಪ್ರಶ್ನೆಗಳ ಉತ್ತರವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕ್ಯಾಲೆಂಡರಿನ ಪಕ್ಕ ಅಂಟಿಸಿ. ಕಿವಿಯ ಡಾಕ್ಟರಿಗೆ ತೋರಿಸಿದ್ದೀರಾ? ಅದನ್ನು ಪತ್ರದಲ್ಲಿ ಬರೆದಿಲ್ಲ.

ಪ್ರಶ್ನೆ: ಮಗ ಇಪ್ಪತ್ತು ವರ್ಷದಿಂದ ಅಮೆರಿಕದಲ್ಲಿದ್ದಾನೆ. ನನ್ನ ತಂಗಿಯ ಮಗನ ಓದಿಗೆ ಸ್ವಲ್ಪ ಸಹಾಯ ಮಾಡಪ್ಪ ಅಂದೆ. 'ಮಾಡಿದರೆ ಒಳ್ಳೆಯದು, ಮಾಡಲೇಬೇಕು ಅಂತೇನಿಲ್ಲ ಅಲ್ವಾ ಅಪ್ಪ' ಅಂದ. ದುಡ್ಡು ಕಳಿಸಿದ, ಆದರೆ ಆ ಮಾತು ಚುಚ್ಚುತ್ತಿದೆ.
– ನಿವೃತ್ತ ಶಿಕ್ಷಕರು, ಮೈಸೂರು

ಸಾರ್, ನಿಮ್ಮ ಊರಿನವರನ್ನೇ ಕೂರಿಸಿಕೊಂಡು ಈ ಮಾತಿನ ಮೇಲೆ ಅಧ್ಯಯನ ಮಾಡಿದ್ದಾರೆ, ಗೊತ್ತಾ? ಜೋನ್ ಮಿಲ್ಲರ್ ಅನ್ನುವ ಅಮೆರಿಕನ್ ಮನೋವಿಜ್ಞಾನಿ ಎಂಬತ್ತರ ದಶಕದಲ್ಲಿ ಮೈಸೂರಿನವರನ್ನೂ ಅಮೆರಿಕದವರನ್ನೂ ಒಂದೇ ಥರದ ಪ್ರಶ್ನೆ ಕೇಳಿ ಹೋಲಿಸಿದರು. 1990ರಲ್ಲಿ ಅವರೂ ಸಂಗಡಿಗರೂ ಪ್ರಕಟಿಸಿದ ಅಧ್ಯಯನದಲ್ಲಿ ಕೇಳಿದ್ದು ಇದೇ: ಒಬ್ಬರಿಗೆ ಸಹಾಯ ಮಾಡುವುದು ಕರ್ತವ್ಯವಾ, ಅವರವರ ಇಷ್ಟವಾ? ಜೀವ ಹೋಗುವ ಪ್ರಸಂಗದಲ್ಲಿ ಎರಡೂ ಕಡೆಯವರು ಮಾಡಲೇಬೇಕು ಅಂದರು. ಸಣ್ಣಪುಟ್ಟ ಸಹಾಯಕ್ಕೆ, ಅದರಲ್ಲೂ ಸ್ನೇಹಿತರು, ಅಪರಿಚಿತರ ವಿಷಯಕ್ಕೆ ಬಂದಾಗ ಅಮೆರಿಕದವರು 'ಅದು ಅವರ ಇಷ್ಟ' ಅಂದರು, ನಮ್ಮವರು ಆಗಲೂ ಕರ್ತವ್ಯ ಅಂದರು. ನಿಮ್ಮ ಮಗ ಅಕ್ಷರಶಃ ಆ ಉತ್ತರವನ್ನೇ ಕೊಟ್ಟಿದ್ದಾನೆ!

ಹಾಗಂತ ನಾವು ದೊಡ್ಡವರು, ಅವರು ಸಣ್ಣವರು ಅಂತ ಎದೆಯುಬ್ಬಿಸಬೇಡಿ. ಮಿಲ್ಲರ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಪ್ರಸಂಗ ಬರುತ್ತದೆ. ಒಬ್ಬ ವಕೀಲ ಮೋಟಾರ್‌ಸೈಕಲ್ಲಿನಲ್ಲಿ ಹಿಂದೆ ಒಬ್ಬನನ್ನು ಕೂರಿಸಿಕೊಂಡು ಕೋರ್ಟಿಗೆ ಹೋಗುತ್ತಿದ್ದ. ಟೈರು ಸಿಡಿದು ಹಿಂದಿನವನು ಬಿದ್ದು ತಲೆಗೆ ಏಟಾಯಿತು. ವಕೀಲ ಅವನನ್ನು ಆಸ್ಪತ್ರೆಗೆ ಬಿಟ್ಟು, ಏಟು ಎಷ್ಟು ಜೋರು ಅಂತ ಡಾಕ್ಟರನ್ನೂ ಕೇಳದೆ ಕೋರ್ಟಿಗೆ ಹೋದ. ಅವನು ಸತ್ತುಹೋದ. ವಕೀಲ ಯಾಕೆ ಹಾಗೆ ಮಾಡಿದ ಅಂತ ಕೇಳಿದರೆ ಅಮೆರಿಕದವರು ಅವನ ಗುಣ ಹಿಡಿದರು: ಬೇಜವಾಬ್ದಾರಿ, ಕೆಲಸದ ಹುಚ್ಚು. ಇಲ್ಲಿಯವರು ಸಂದರ್ಭ ಹಿಡಿದರು: ಕಕ್ಷಿದಾರನಿಗಾಗಿ ಕೋರ್ಟಿಗೆ ಹೋಗುವುದು ಅವನ ಧರ್ಮ, ಗಾಬರಿಯಾಗಿರಬಹುದು, ಏಟು ಅಷ್ಟು ಜೋರಾಗಿ ಕಂಡಿರಲಿಕ್ಕಿಲ್ಲ. ನನಗೆ ಇಲ್ಲಿ ನಮ್ಮವರದು ಸ್ವಲ್ಪ ಹೆಚ್ಚೇ ಉದಾರತನ ಅನ್ನಿಸಿತು. ಇನ್ನೊಂದು ಸಂಗತಿ, ಚಿಕ್ಕ ಮಕ್ಕಳಲ್ಲಿ ಎರಡು ಊರಿಗೂ ಅಂಥ ವ್ಯತ್ಯಾಸ ಇರಲಿಲ್ಲ, ಬೆಳೆಯುತ್ತಾ ಬಂದಿತ್ತು. ಅಂದರೆ ಇದು ಸುತ್ತಲಿನವರಿಂದ ಕಲಿಯುವ ನೋಟ, ರಕ್ತದಲ್ಲಿ ಬರುವುದಲ್ಲ.

ನಿಮಗೆ ಚುಚ್ಚಿದ್ದು ದುಡ್ಡಿನ ವಿಷಯ ಅಲ್ಲ ಅಂತ ನನ್ನ ಊಹೆ. ನಿಮ್ಮ ತಲೆಯಲ್ಲಿ ಇರುವ ಮಾತು 'ಋಣ'. ಅನ್ನದ ಋಣ, ಊರಿನ ಋಣ, ಹೆತ್ತವರ ಋಣ. ಇದು ಬ್ಯಾಂಕಿನ ಸಾಲದ ಹಾಗೆ ಕಟ್ಟಿ ಮುಗಿಸುವಂಥದ್ದಲ್ಲ. ಮಗನಿಗೆ ಆ ಮಾತು ಬಿಟ್ಟು 'ಕರ್ತವ್ಯ' ಅಂತ ಹೇಳಿದರೆ ಅವನು ನಿಯಮದ ಪುಸ್ತಕ ತೆಗೆದು ಇದು ಎಲ್ಲಿದೆ ಅಂತ ಹುಡುಕುತ್ತಾನೆ. ಅತ್ತೆ ಅವನನ್ನು ಚಿಕ್ಕವನಿದ್ದಾಗ ಎತ್ತಿ ಆಡಿಸಿದ ಕಥೆ ಹೇಳಿ, ವಾದ ಬೇಡ. ಮತ್ತೆ, ದುಡ್ಡು ಕಳಿಸಿದ ಅಂತಲೂ ಬರೆದಿದ್ದೀರಲ್ಲ, ಅದಕ್ಕೂ ಒಂದು ಅಂಕ ಕೊಡಿ, ಮೇಷ್ಟ್ರೇ.

ಪ್ರಶ್ನೆ: ನಮ್ಮೂರ ದೇವಸ್ಥಾನದಲ್ಲಿ ಟ್ಯೂಬ್‌ಲೈಟಿನ ಮೇಲೂ ದಾನಿಗಳ ಹೆಸರು. ಬೆಳಕಿಗಿಂತ ಹೆಸರೇ ಜಾಸ್ತಿ. ಹೆಸರಿಗಾಗಿ ಕೊಟ್ಟದ್ದು ದಾನವಾ?
– ಓದುಗರು, ಚಿಂತಾಮಣಿ

ನಕ್ಕುಬಿಟ್ಟೆ. ಆದರೆ ಪ್ರಶ್ನೆ ಸಣ್ಣದಲ್ಲ.

ಕೆಲಸಕ್ಕಿಂತ ಅದರ ಹಿಂದಿನ ಮನಸ್ಸು ಮುಖ್ಯ ಅನ್ನುವುದರಲ್ಲಿ ತುಂಬಾ ಜನ ಒಟ್ಟಾಗಿದ್ದಾರೆ. ಬುದ್ಧ 'ಚೇತನೆಯನ್ನೇ ನಾನು ಕರ್ಮ ಅನ್ನುತ್ತೇನೆ' ಅಂದ. ಚೇತನೆ ಅಂದರೆ ಇಲ್ಲಿ ಉದ್ದೇಶ. ಪ್ರವಾದಿ ಮುಹಮ್ಮದರ ಮಾತುಗಳ (ಹದೀಸುಗಳ) ಬುಖಾರಿ ಸಂಗ್ರಹದಲ್ಲಿ ಮೊದಲ ಹದೀಸೇ ಕೆಲಸಗಳು ನಿಯ್ಯತ್ತಿನ, ಅಂದರೆ ಉದ್ದೇಶದ, ಮೇಲೆ ನಿಂತಿವೆ ಅನ್ನುತ್ತದೆ. ಆ ನಿಯ್ಯತ್ ಪದವೇ ಉರ್ದು ದಾರಿಯಿಂದ ನಮ್ಮ ಮನೆಗೆ ಬಂದು 'ನಿಯತ್ತು' ಆಗಿದೆ. ನಿಯತ್ತಿಲ್ಲದವನು ಅಂತ ಬೈಯುವಾಗ ನಾವು ಅರಬ್ಬಿಯಲ್ಲಿ ಬೈಯುತ್ತಿರುತ್ತೇವೆ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಇದನ್ನು ಎಷ್ಟು ಬಿಗಿ ಮಾಡಿದ ಅಂದರೆ, ಕೊಡುವುದರಲ್ಲಿ ಖುಷಿ ಸಿಗುತ್ತದೆ ಅಂತ ಕೊಟ್ಟರೂ ಅದಕ್ಕೆ ನೈತಿಕ ಬೆಲೆ ಇಲ್ಲ, ಮನಸ್ಸು ಪೂರ್ತಿ ಒಣಗಿಹೋದಾಗಲೂ ಕರ್ತವ್ಯ ಅಂತ ಕೊಟ್ಟರೆ ಮಾತ್ರ ಬೆಲೆ ಅಂದ. ಕವಿ ಶಿಲ್ಲರ್ ಇದನ್ನು ಗೇಲಿ ಮಾಡಿದ: ಸ್ನೇಹಿತರಿಗೆ ಸಂತೋಷದಿಂದ ಸಹಾಯ ಮಾಡುತ್ತಿದ್ದೇನೆ, ಅಯ್ಯೋ, ನಾನು ಸದ್ಗುಣಿಯಲ್ಲವಲ್ಲ! ಹಾಗಾದರೆ ಮೊದಲು ಅವರನ್ನು ದ್ವೇಷಿಸು, ಆಮೇಲೆ ಸಹಾಯ ಮಾಡು ಅಂತ ಸಲಹೆ. ನಾನು ಶಿಲ್ಲರ್ ಕಡೆ. ಬೌದ್ಧರೂ ಇಲ್ಲಿ ಕಾಂಟ್ ಕಡೆಗಿಲ್ಲ, ಕೊಡುವ ಮೊದಲು, ಕೊಡುವಾಗ, ಕೊಟ್ಟ ಮೇಲೆ, ಮೂರೂ ಹೊತ್ತು ಮನಸ್ಸು ಹಗುರವಾಗಿರಬೇಕು ಅನ್ನುತ್ತಾರೆ.

ಹೆಸರಿನ ವಿಷಯಕ್ಕೆ ಬಂದರೆ ಯಹೂದಿಗಳ ಮೈಮೊನಿಡೀಸ್ ಅನ್ನುವ 12ನೇ ಶತಮಾನದ ಪಂಡಿತ ದಾನಕ್ಕೆ ಎಂಟು ಮೆಟ್ಟಿಲು ಕಟ್ಟಿದ. ಕೊಟ್ಟವನು ಯಾರೆಂದು ತೆಗೆದುಕೊಂಡವನಿಗೆ, ತೆಗೆದುಕೊಂಡವನು ಯಾರೆಂದು ಕೊಟ್ಟವನಿಗೆ ಗೊತ್ತಾಗದ ದಾನಕ್ಕೆ ಮೇಲಿನಿಂದ ಎರಡನೇ ಜಾಗ. ಇನ್ನೊಬ್ಬನನ್ನು ಅವನ ಕಾಲ ಮೇಲೆ ನಿಲ್ಲಿಸುವುದಕ್ಕೆ ಮೊದಲ ಜಾಗ. ಅವನದೇ ಇನ್ನೊಂದು ಮಾತು ನನಗೆ ಇನ್ನೂ ಮೆಚ್ಚುಗೆ. ಒಬ್ಬನಿಗೇ ಒಂದು ಸಲ ಸಾವಿರ ನಾಣ್ಯ ಕೊಡುವುದಕ್ಕಿಂತ ಸಾವಿರ ಸಲ ಒಂದೊಂದು ಕೊಡುವುದು ಮೇಲು, ಯಾಕೆಂದರೆ ಸಾವಿರ ಸಲ ಕೈ ಬಿಚ್ಚಿದರೆ ಬಿಚ್ಚುವುದು ಅಭ್ಯಾಸವಾಗುತ್ತದೆ.

ಆದರೆ ಎಲ್ಲರಿಗಿಂತ ಒಳಗೆ ಕೈ ಹಾಕಿದವನು ಬಸವಣ್ಣ. 'ಮಾಡಿದೆನೆಂಬುದು ಮನದಲಿ ಹೊಳೆದಡೆ' ಅಂತ ಶುರುಮಾಡುತ್ತಾನೆ. ಅಲ್ಲಿ ಬೋರ್ಡಿನ ಮಾತೇ ಇಲ್ಲ, ಮನಸ್ಸಿನಲ್ಲಿ ಹೊಳೆದರೇ ಆಯ್ತು, ಕಾಟ ಶುರು. ಆ ಲೆಕ್ಕದಲ್ಲಿ ಹೆಸರು ಬರೆಸದೆ ಕೊಟ್ಟು 'ನೋಡಿ, ನಾನು ಹೆಸರು ಬರೆಸಲಿಲ್ಲ' ಅಂತ ಒಳಗೊಳಗೇ ಬೀಗುವವನೂ ಟ್ಯೂಬ್‌ಲೈಟಿನವನೂ ಅಕ್ಕಪಕ್ಕದ ಮನೆಯವರೇ. ಲೈಟು ಉರಿಯುತ್ತಿದೆಯಾ ಇಲ್ವಾ, ಅದನ್ನು ನೀವು ಬರೆದಿಲ್ಲ.

ಪ್ರಶ್ನೆ: ಮೂರು ವರ್ಷದ ಮಕ್ಕಳಿಗೆ ಟೀಚರ್ ನಾನು. ಮಕ್ಕಳು ದೇವರ ಸಮಾನ ಅನ್ನುತ್ತಾರೆ. ನಮ್ಮ ಕ್ಲಾಸಿನ ದೇವರುಗಳು ಕಚ್ಚುತ್ತವೆ. ಮನುಷ್ಯ ಹುಟ್ಟಾ ಒಳ್ಳೆಯವನಾ, ಕೆಟ್ಟವನಾ?
– ಓದುಗರು, ಶಿವಮೊಗ್ಗ

ಈ ಜಗಳ ಚೀನಾದಲ್ಲಿ ಚೆನ್ನಾಗಿ ನಡೆದಿದೆ, ಕ್ರಿಸ್ತನಿಗಿಂತ ಮುನ್ನೂರು ವರ್ಷ ಹಿಂದಿನ ಆಸುಪಾಸು. ಮೆನ್ಸಿಯಸ್ ಹೇಳಿದ: ಮಗು ಬಾವಿಗೆ ಬೀಳುವುದನ್ನು ಕಂಡರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. ಅಪ್ಪ ಅಮ್ಮನ ಮೆಚ್ಚುಗೆಗಲ್ಲ, ಊರವರ ಹೊಗಳಿಕೆಗಲ್ಲ. ಅದೇ ಮೊಳಕೆ. ಮೊಳಕೆ ಅಂದಿದ್ದಾನೆ ನೋಡಿ, ಮರ ಅಂದಿಲ್ಲ. ಪೈರು ಬೇಗ ಬೆಳೆಯಲಿ ಅಂತ ಒಂದೊಂದನ್ನೇ ಹಿಡಿದು ಮೇಲಕ್ಕೆ ಎಳೆದ ದಡ್ಡ ರೈತನ ಕಥೆಯನ್ನೂ ಅವನೇ ಹೇಳುತ್ತಾನೆ. ಮನೆಗೆ ಬಂದು ಇವತ್ತು ಸುಸ್ತಾಯ್ತು ಅಂದನಂತೆ. ಮಗ ಓಡಿಹೋಗಿ ನೋಡಿದರೆ ಪೈರೆಲ್ಲ ಬಾಡಿತ್ತು. ಎಲ್‌ಕೆಜಿಗೇ ಟ್ಯೂಷನ್ ಹಾಕುವ ತಂದೆತಾಯಿಗಳಿಗೆ ಇದನ್ನು ಹೇಳಬಹುದು.

ಅವನ ನಂತರ ಬಂದ ಷುನ್‌ತ್ಸು ಇದೆಲ್ಲ ಸುಳ್ಳು, ಮನುಷ್ಯನ ಸ್ವಭಾವ ಕೆಟ್ಟದ್ದೇ, ಡೊಂಕು ಮರವನ್ನು ಹಬೆಯಲ್ಲಿಟ್ಟು ಒತ್ತಿ ನೇರ ಮಾಡಬೇಕು ಅಂದ. ಕಚ್ಚಿಸಿಕೊಂಡ ದಿನ ನಿಮಗೆ ಇವನೇ ಸರಿ ಅನ್ನಿಸುತ್ತಾನೆ. ಯಹೂದಿ ಗುರುಗಳದು ಇನ್ನೊಂದು ದಾರಿ. ಒಳ್ಳೆಯ ಸೆಳೆತ, ಕೆಟ್ಟ ಸೆಳೆತ ಎರಡೂ ದೇವರು ಇಟ್ಟದ್ದೇ, ಆ ಕೆಟ್ಟ ಸೆಳೆತ ಇಲ್ಲದಿದ್ದರೆ ಯಾರೂ ಮನೆ ಕಟ್ಟುತ್ತಿರಲಿಲ್ಲ, ಮದುವೆಯಾಗುತ್ತಿರಲಿಲ್ಲ, ಮಕ್ಕಳನ್ನು ಹೆರುತ್ತಿರಲಿಲ್ಲ ಅನ್ನುತ್ತಾರೆ. ಮೂರರಲ್ಲಿ ನನಗೆ ಇದೇ ಮನುಷ್ಯರನ್ನು ನೋಡಿ ಬರೆದ ಹಾಗಿದೆ. ಕಚ್ಚುವ ಹುಡುಗನ ಹಲ್ಲಿನ ಹಿಂದೆ 'ಇದು ನನ್ನದು' ಅನ್ನುವ ಹಟ ಇರುತ್ತದೆ, ಆ ಹಟ ಮುಂದೆ ಅವನಿಗೆ ಬೇಕು.

ಪ್ರಶ್ನೆ: ದೇವರನ್ನು ನಂಬದವರಿಗೆ ನೀತಿ ಎಲ್ಲಿಂದ ಬರಬೇಕು?
– ಓದುಗರು, ಕೊಪ್ಪಳ

ಜೈನರು, ಬೌದ್ಧರು ಸೃಷ್ಟಿಕರ್ತ ದೇವರನ್ನು ಒಪ್ಪುವುದಿಲ್ಲ. ವೇದವನ್ನೇ ತಲೆಯ ಮೇಲಿಟ್ಟುಕೊಂಡ ಹಳೆಯ ಮೀಮಾಂಸಕರಿಗೂ ಧರ್ಮಕ್ಕೆ ಅವನ ಸಹಿ ಬೇಕಿರಲಿಲ್ಲ. ಇವರಿಗಿಂತ ಕಟ್ಟುನಿಟ್ಟಿನ ನೀತಿಯವರನ್ನು ತೋರಿಸಿ ನೋಡೋಣ.

ಪ್ರಶ್ನೆ: ಒಳಗೆ ಸಿಟ್ಟಿಟ್ಟುಕೊಂಡು ಹೊರಗೆ ನಗುವುದು ನಾಟಕ ಅಲ್ವಾ? ಕಕ್ಕಿಬಿಟ್ಟರೆ ಹಗುರ ಅನ್ನುತ್ತಾರೆ. ಹಾಗೇ, ನಿಮಗೆ ಸಿಟ್ಟು ಬರುತ್ತಾ?
– ಓದುಗರು, ಹಾಸನ

ಕಕ್ಕಿದರೆ ಹಗುರ ಅನ್ನುವುದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. 2002ರಲ್ಲಿ ಬುಶ್‌ಮನ್ ಅನ್ನುವವರು ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ತರಿಸಿದವನನ್ನು ನೆನೆಸಿಕೊಳ್ಳುತ್ತಾ ಗುದ್ದುವ ಚೀಲಕ್ಕೆ ಗುದ್ದಿದವರ ಸಿಟ್ಟು, ಸುಮ್ನೆ ಕೂತವರಿಗಿಂತ ಜಾಸ್ತಿಯೇ ಇತ್ತು. ಮನೆಯೊಳಗಿನ ಕಿಚ್ಚು ಮೊದಲು ಸುಡುವುದು ತನ್ನ ಮನೆಯನ್ನೇ ಅಂತ ಬಸವಣ್ಣ ಹೇಳಿದ್ದು ನೆನಪಿರಬೇಕಲ್ಲ.

ನಾಟಕದ ಮಾತಿಗೆ ರೋಮಿನ ಸೆನೆಕಾ ಚೆನ್ನಾಗಿ ಉತ್ತರ ಕೊಟ್ಟಿದ್ದಾನೆ. (ಅವನು ಪಾಠ ಹೇಳಿದ್ದು ನೀರೋ ಚಕ್ರವರ್ತಿಗೆ, ಶಿಷ್ಯ ಕಲಿತದ್ದು ಅಷ್ಟಕ್ಕಷ್ಟೆ.) ಮೊದಲು ಎದೆಗೆ ಬಡಿಯುವ ಏಟು, ಮುಖ ಕೆಂಪಾಗುವುದು, ಇದೆಲ್ಲ ನಿಮ್ಮ ಕೈಯಲ್ಲಿಲ್ಲ, ಅದು ಸಿಟ್ಟೂ ಅಲ್ಲ. 'ಹೌದು, ನನಗೆ ಅನ್ಯಾಯ ಆಗಿದೆ, ತೀರಿಸಿಕೊಳ್ಳಬೇಕು' ಅಂತ ಮನಸ್ಸು ಒಪ್ಪಿಗೆ ಕೊಡುತ್ತದಲ್ಲ, ಸಿಟ್ಟು ಹುಟ್ಟುವುದು ಅಲ್ಲಿ. ಆ ಒಪ್ಪಿಗೆಯನ್ನು ತಡಮಾಡಿ, ಅದೇ ದೊಡ್ಡ ಮದ್ದು ಅನ್ನುತ್ತಾನೆ. ಹಾಗೆ ತಡಮಾಡುತ್ತಾ ನಗುವವನು ನಾಟಕ ಆಡುತ್ತಿಲ್ಲ, ಕೆಲಸದಲ್ಲಿದ್ದಾನೆ.

ಇನ್ನು ನನ್ನ ಸಿಟ್ಟು. ಜೈನರ ಲೆಕ್ಕದಲ್ಲೇ ಹೇಳುತ್ತೇನೆ. ಚಾವುಂಡರಾಯನಿಗಾಗಿ ನೇಮಿಚಂದ್ರ ಬರೆದ ಗೊಮ್ಮಟಸಾರದಲ್ಲಿ ಕ್ರೋಧಕ್ಕೆ ನಾಲ್ಕು ಗೆರೆಗಳ ಹೋಲಿಕೆ ಇದೆ: ಕಲ್ಲಿನ ಮೇಲಿನದು, ನೆಲದ ಮೇಲಿನದು, ಧೂಳಿನ ಮೇಲಿನದು, ನೀರಿನ ಮೇಲಿನದು. ಎಷ್ಟು ಕಾಲ ಉಳಿಯುತ್ತದೆ ಅನ್ನುವುದಕ್ಕೂ ಲೆಕ್ಕ ಇಟ್ಟಿದ್ದಾರೆ. ನೀರಿನದು ಎರಡು ಗಳಿಗೆಯೊಳಗೆ ಹೋಗುತ್ತದೆ, ಧೂಳಿನದು ಹದಿನೈದು ದಿನ, ನೆಲದ್ದು ಆರು ತಿಂಗಳು. ಅದನ್ನೂ ದಾಟಿದರೆ ಕಲ್ಲು, ಅದು ಜನ್ಮಜನ್ಮಕ್ಕೂ ಅಂಟಿಕೊಂಡು ಬರುತ್ತದೆ. ನಮ್ಮ ಪಕ್ಕದ ಮನೆಯವರು ನಮ್ಮ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸಿ, ಕೇಳಿದ್ದಕ್ಕೆ ನನಗೇ ಬೈದು ಐದು ತಿಂಗಳು ಇಪ್ಪತ್ತು ದಿನ ಆಯ್ತು. ಇನ್ನು ಹತ್ತು ದಿನ ಇದೆ. ಭಾನುವಾರ ಹೋಗಿ ಮಾತಾಡಿಸಬೇಕು ಅಂತಿದ್ದೇನೆ.